ಹೊಲಿಗೆ ಕೋಣೆಯ ಬಾಸ್ಕೆಟ್‌ಬಾಲ್ ತಂಡ

ದೈಹಿಕ ಶಿಕ್ಷಕರಾಗಿ ಹೊಸದಾಗಿ ಆದೇಶ ಪಡೆದ ಹುಡುಗ ಹುಡುಗಿಯರು ಆಗಾಗ ನನ್ನಲ್ಲಿಗೆ ಬರುತ್ತಾರೆ. ಯಾವ ಸೀಟಿ ಕೊಳ್ಳಬೇಕು, ಟ್ರ್ಯಾಕ್ ಸೂಟ್ ಎಲ್ಲಿ ಅಗ್ಗ ಎಂದು ಕೇಳುತ್ತಾರೆ. ಮೊದಲು ಒಂದು ಗಟ್ಟಿ ಕೊಡೆ ಕೊಳ್ಳಿ ಎನ್ನುತ್ತೇನೆ. ಶಾಲಾ ಕ್ರೀಡಾಕೂಟಗಳೆಲ್ಲ ಬಂದು ಬೀಳುವುದು ಮಳೆಗಾಲದಲ್ಲಿ. ವೇಳಾಪಟ್ಟಿ ಮಾಡಿದವರು ಯಾರೋ ಬಯಲುಸೀಮೆಯವರಿರಬೇಕು, ಮಳೆ ಬಿಡದ ನಮ್ಮ ಹುಲಿಕಲ್ಲಿನಲ್ಲಿ ಒಂದು ಆಗಸ್ಟ್ ಕಳೆದಿದ್ದರೆ ಆ ಪಟ್ಟಿ ಹಾಗಿರುತ್ತಿರಲಿಲ್ಲ. ಇನ್ನೊಂದು ಮಾತು, ಆಟ ಆಡಿಸಲಿಕ್ಕೇ ಕೆಲಸಕ್ಕೆ ಸೇರಿದ್ದೇವೆ ಎಂಬ ಭ್ರಮೆಯನ್ನು ಮೊದಲ ವಾರವೇ ಬಿಟ್ಟುಬಿಡಿ. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಬಿಸಿಯೂಟದ ಹೊತ್ತಿಗೆ ಕಾವಲು, ರಜೆ ಹಾಕಿದ ಮೇಷ್ಟ್ರ ತರಗತಿ, ಚುನಾವಣೆ ಕೆಲಸ, ಶೌಚಾಲಯಕ್ಕೆ ನುಗ್ಗಿದ ಹಾವು ಎಲ್ಲವೂ ನಿಮ್ಮ ಪಾಲಿಗೇ. ಇಷ್ಟೆಲ್ಲ ಮುಗಿದ ಮೇಲೆ ಬೆಳಕು ಉಳಿದಿದ್ದರೆ ಆಟ.

ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಮಣ್ಣು ಮೆತ್ತಿಕೊಂಡವನು. ಕಬಡ್ಡಿ, ಖೊಖೊ ವಿಷಯಕ್ಕೆ ಬಂದರೆ ನನ್ನ ತಂಡದ ಮುಂದೆ ನಿಲ್ಲುವವರು ಕಡಿಮೆ ಇದ್ದರು. ಇದು ಜಂಬವಲ್ಲ, ಸೋತವರು ಇನ್ನೂ ಬದುಕಿದ್ದಾರೆ, ಕೇಳಿ ನೋಡಬಹುದು. ತಪ್ಪುಗಳನ್ನೂ ಅಷ್ಟೇ ಧಾರಾಳವಾಗಿ ಮಾಡಿದ್ದೇನೆ. ನನ್ನ ಮೊದಲ ಶಾಲೆ ಲಿಂಗನಮಕ್ಕಿಯ ಹತ್ತಿರ. ಅಲ್ಲಿ ಓಟದ ಟ್ರ್ಯಾಕ್ ಅಳೆಯಲು ಗಂಟು ಹಾಕಿದ ನೂಲಿನ ಹಗ್ಗ ಇಟ್ಟುಕೊಂಡಿದ್ದೆ. ನೂಲಿನ ಹಗ್ಗ ಮಳೆಗೆ ನೆನೆದರೆ ಗಿಡ್ಡವಾಗುತ್ತದೆ ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಆ ವರ್ಷ ನಮ್ಮ ಹುಡುಗನೊಬ್ಬ ಓಟದಲ್ಲಿ ತಾಲ್ಲೂಕಿನ ಹಳೆಯ ದಾಖಲೆಗಳನ್ನೆಲ್ಲ ಪುಡಿಗುಟ್ಟಿದ. ಪರಿವೀಕ್ಷಕರು ಜೇಬಿನಿಂದ ಕಬ್ಬಿಣದ ಟೇಪು ತೆಗೆದು ಅಳೆದು, ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಚಹಾ ಕುಡಿಯಲು ಹೋದರು. ಬೈದಿದ್ದರೆ ಮರೆತುಹೋಗುತ್ತಿತ್ತು.

ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ನಿವೃತ್ತಿಗೆ ಹದಿನೈದು ವರ್ಷ ಇದ್ದಾಗ, ಹೊಸನಗರ ಮತ್ತು ತೀರ್ಥಹಳ್ಳಿಯ ನಡುವಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ನಾನು ಕಂಡ ಕೋಚುಗಳಲ್ಲೆಲ್ಲ ದೊಡ್ಡವರನ್ನು ಕಂಡದ್ದೂ ಅಲ್ಲೇ. ಅವರು ದೈಹಿಕ ಶಿಕ್ಷಕಿಯಾಗಿರಲಿಲ್ಲ. ಹೊಲಿಗೆ ಟೀಚರ್ ಆಗಿದ್ದರು, ಹೆಸರು ಸರೋಜಾ.

ಆ ಶಾಲೆಯಲ್ಲಿ ಎಂಟು ವರ್ಷ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದಿತ್ತು. ಮಂಡಗದ್ದೆಯಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಬಾಸ್ಕೆಟ್‌ಬಾಲ್ ಆಡಿದ್ದ ಈ ಟೀಚರು ಯಾರೂ ಹೇಳದೆಯೇ ಹುಡುಗಿಯರ ತಂಡ ಕಟ್ಟಿದ್ದರು. ನಾನು ಹೋಗುವ ಹೊತ್ತಿಗೆ ಅವರ ಹುಡುಗಿಯರು ಮೂರು ವರ್ಷ ತಾಲ್ಲೂಕು ಗೆದ್ದು, ಎರಡು ವರ್ಷ ಜಿಲ್ಲೆಯ ಫೈನಲ್ ತನಕ ಹೋಗಿ ಬಂದಿದ್ದರು. ಕೋರ್ಟ್ ನೋಡೋಣ ಎಂದು ಹಿತ್ತಿಲಿಗೆ ಹೋದರೆ ಎರಡು ಕಬ್ಬಿಣದ ಕಂಬ, ನಡುವೆ ಕೆಂಪು ಕೆಸರು. ಜೂನ್‌ನಿಂದ ಅಕ್ಟೋಬರ್ ತನಕ ಅಲ್ಲಿ ಚೆಂಡು ಕುಕ್ಕಿದರೆ ಅದು ಪುಟಿಯುವುದಿಲ್ಲ, ಕೂತುಬಿಡುತ್ತದೆ.

ಹಾಗಾಗಿ ಅಭ್ಯಾಸ ನಡೆಯುತ್ತಿದ್ದದ್ದು ಹೊಲಿಗೆ ಕೋಣೆಯಲ್ಲಿ. ಯಂತ್ರಗಳನ್ನು ಗೋಡೆಗೆ ಸರಿಸಿ, ಒಂಬತ್ತು ಹುಡುಗಿಯರು ಓಡಾಡುತ್ತ ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಚೆಂಡು ನೆಲಕ್ಕೆ ತಾಗುವಂತಿರಲಿಲ್ಲ. ಅದಕ್ಕೆ ಕಾರಣ ಯಾವ ಕ್ರೀಡಾಶಾಸ್ತ್ರವೂ ಅಲ್ಲ, ಪಕ್ಕದ ಕೋಣೆಯಲ್ಲಿ ಹೆಡ್ ಮೇಷ್ಟ್ರು ಹತ್ತನೇ ತರಗತಿಯ ಉಳಿದ ಮಕ್ಕಳಿಗೆ ವಿಶೇಷ ಗಣಿತ ಹೇಳುತ್ತಿದ್ದರು. ಒಂದು ಸಲ ದಪ್ ಎಂದರೆ ಅವರ ತಲೆ ಬಾಗಿಲಲ್ಲಿ ಕಾಣಿಸುತ್ತಿತ್ತು. ಕೂಗಿ ಕರೆಯುವಂತೆಯೂ ಇರಲಿಲ್ಲ, ಕೂಗಿದರೂ ಹಂಚಿನ ಮೇಲಿನ ಮಳೆಗೆ ಕೇಳುತ್ತಿರಲಿಲ್ಲ. ಹೀಗಾಗಿ ಚೆಂಡು ಯಾರಿಗೆ ಬರುತ್ತದೆ ಎಂಬುದನ್ನು ಮುಖ ನೋಡಿಯೇ ತಿಳಿಯಬೇಕು. ಬೀಳಿಸಿದವಳು ಆಟ ಬಿಟ್ಟು ಮೂಲೆಯಲ್ಲಿ ಕೂತು ಒಂದು ಗುಂಡಿ ಹೊಲಿದು ಬರಬೇಕು. ಇದು ಟೀಚರು ಕೊಡುತ್ತಿದ್ದ ಒಂದೇ ಶಿಕ್ಷೆ. ಅವರು ಗದರಿದ್ದನ್ನು ನಾನು ಕೇಳಿಲ್ಲ.

ಇದನ್ನು ಮೊದಲ ದಿನ ನೋಡಿ ನಾನು ನಕ್ಕೆ. ಹಿಂದಿನ ಬೇಸಿಗೆಯಷ್ಟೇ ಹತ್ತು ದಿನದ ಬಾಸ್ಕೆಟ್‌ಬಾಲ್ ಶಿಬಿರ ಮುಗಿಸಿ ಪ್ರಮಾಣಪತ್ರ ತಂದಿದ್ದವನು ನಾನು. ಚೆಂಡನ್ನು ನೆಲಕ್ಕೆ ಕುಕ್ಕುತ್ತ ಓಡುವುದು, ಅಂದರೆ ಡ್ರಿಬಲ್, ಬಾಸ್ಕೆಟ್‌ಬಾಲಿನ ಅ ಆ ಇ ಈ. ಅದೇ ಇಲ್ಲದೆ ಇದೆಂಥ ಆಟ? ಹೆಡ್ ಮೇಷ್ಟ್ರಿಗೂ ಅಷ್ಟೇ ಬೇಕಾಗಿತ್ತು. ದೈಹಿಕ ಶಿಕ್ಷಕರು ಬಂದರಲ್ಲ, ಇನ್ನು ಹೊಲಿಗೆ ಟೀಚರು ಹೊಲಿಗೆ ನೋಡಿಕೊಳ್ಳಲಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಹೇಳಿದರು. ಸರೋಜಾ ಟೀಚರು ಚೆಂಡನ್ನು ಒಂದು ಬಟ್ಟೆಯಲ್ಲಿ ಒರೆಸಿ ತಂದು ನನ್ನ ಕೈಗಿಟ್ಟರು. ರೇಣುಕಾಳನ್ನು ಮಾತ್ರ ಸ್ವಲ್ಪ ನೋಡಿಕೊಳ್ಳಿ, ಅವಳಿಗೆ ಇದು ಕೊನೇ ವರ್ಷ ಎಂದಷ್ಟೇ ಹೇಳಿ ಹೋದರು.

ರೇಣುಕಾ ತಂಡದ ನಾಯಕಿ, ಹತ್ತನೇ ತರಗತಿ. ಅವಳ ಅಜ್ಜ ಗೇಣಿ ಮಾಡುತ್ತಿದ್ದವರು, ಅಪ್ಪನಿಗೆ ಸ್ವಂತ ಗದ್ದೆ ಇತ್ತು, ಜೊತೆಗೆ ಒಂದು ಗೂಡ್ಸ್ ಆಟೋ ಓಡಿಸುತ್ತಿದ್ದ. ಉಣ್ಣಲು ತೊಂದರೆ ಇಲ್ಲ. ತೊಂದರೆ ಇದ್ದದ್ದು ದಾರಿಯದು. ಬಸ್ಸು ನಿಲ್ಲುವಲ್ಲಿಂದ ಮನೆಗೆ ನಾಲ್ಕು ಕಿಲೋಮೀಟರ್ ಕಾಡು. ಮುಂದಿನ ವರ್ಷ ಪೇಟೆಯ ಕಾಲೇಜು ಮುಗಿಸಿ ಬಸ್ಸಿಳಿದರೆ ಮುಸ್ಸಂಜೆ, ದಾರಿಯಲ್ಲಿ ಕಾಟಿಗಳ, ಅಂದರೆ ಕಾಡುಕೋಣಗಳ ಹಿಂಡು. ಅಂಕ ನೋಡಿ ಕೊಡುವ ಹಾಸ್ಟೆಲಿಗೆ ಅವಳ ಅಂಕ ಸಾಲುವಂತಿರಲಿಲ್ಲ. ಉಳಿದದ್ದು ಕ್ರೀಡಾ ಹಾಸ್ಟೆಲ್ ಒಂದೇ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಅದರ ಆಯ್ಕೆದಾರರು ಬರುತ್ತಿದ್ದರು. ಅವಳ ಅಪ್ಪ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ ಹೇಳಿದ್ದು ಹೀಗೆ: “ಹಾಸ್ಟೆಲ್ ಸಿಕ್ರೆ ಓದ್ಲಿ ಸಾರ್, ನಂದೆಂತ ಅಡ್ಡಿ ಇಲ್ಲ. ಆ ದಾರೀಲಿ ದಿನಾ ಕಳ್ಸಾದು ಮಾತ್ರ ನನ್ನಿಂದಾಗಲ್ಲ. ಸಿಗ್ಲಿಲ್ಲ ಅಂದ್ರೆ ಇಲ್ಲಿಗೇ ಸಾಕು.”

ನಾನು ಹೆದರಲಿಲ್ಲ. ನನ್ನ ಕೈಗೆ ಬಂದ ತಂಡ ಗೆಲ್ಲದೆ ಇರುತ್ತದೆಯೇ! ಮಳೆ ಬಿಟ್ಟು ಹೊಳವಾದಾಗಲೆಲ್ಲ ಶಾಲೆಯ ಮುಂದಿನ ಡಾಂಬರು ರಸ್ತೆಗೆ ಹುಡುಗಿಯರನ್ನು ಹೊರಡಿಸಿ ಡ್ರಿಬಲ್ ಕಲಿಸಿದೆ. ಬಸ್ಸು ಬಂದಾಗ ಬದಿಗೆ, ಹೋದಾಗ ನಡುವಿಗೆ. ಒಂದೂವರೆ ತಿಂಗಳಲ್ಲಿ ಎಲ್ಲರೂ ಚೆಂದವಾಗಿ ಕುಕ್ಕುತ್ತಿದ್ದರು. ನೋಡಲು ನಿಜವಾದ ಬಾಸ್ಕೆಟ್‌ಬಾಲಿನ ಹಾಗೇ ಇತ್ತು.

ತಾಲ್ಲೂಕು ಮಟ್ಟದಲ್ಲಿ ಮರ್ಯಾದೆ ಹೋಯಿತು. ಹಿಂದಿನ ವರ್ಷ ನಮ್ಮವರು ಆಟವಾಡಿಸಿ ಕಳಿಸಿದ್ದ ತಂಡಗಳೇ ಈ ವರ್ಷ ನಮ್ಮ ಕೈಯಿಂದ ಚೆಂಡು ಕಿತ್ತುಕೊಂಡು ಓಡಿದವು. ಫೈನಲ್‌ನಲ್ಲಿ ಎದುರಾಳಿಯ ಒಬ್ಬಳ ಕಾಲು ಉಳುಕಿದ್ದರಿಂದ ಒಂದೇ ಒಂದು ಪಾಯಿಂಟಿನಿಂದ ಬಚಾವಾದೆವು. ಬಸ್ಸಿನಲ್ಲಿ ಬರುವಾಗ ನಾನು ಎಲ್ಲರನ್ನೂ ಬೈಯುತ್ತ ಬಂದೆ. ನೀವು ಕಲಿತದ್ದನ್ನೆಲ್ಲ ಮರೆತಿದ್ದೀರಿ ಎಂದೆ. ಕೊನೆಗೆ ರೇಣುಕಾ ಎದ್ದು ಬಂದು, ಸೀಟಿನ ಕಂಬಿ ಹಿಡಿದು ನಿಂತು ಹೇಳಿದಳು.

“ಸಾರ್, ಬೇಜಾರ್ ಮಾಡ್ಕಬೇಡಿ. ಈಗ ನಾವು ನೆಲ ನೋಡ್ಕಂಡು ಆಡ್ತಿದೀವಿ. ಮೊದ್ಲು ಒಬ್ರ ಮುಖ ಒಬ್ರು ನೋಡ್ಕಂಡು ಆಡ್ತಿದ್ವಿ.”

ಜಿಲ್ಲಾ ಪಂದ್ಯಕ್ಕೆ ಹನ್ನೆರಡು ದಿನ ಉಳಿದಿತ್ತು. ಆ ಹುಡುಗಿಯ ಓದು ನನ್ನ ಜಂಬದ ಕೆಳಗೆ ಸಿಕ್ಕಿಕೊಂಡಿದೆ ಎಂದು ಅವತ್ತು ಮೊದಲ ಸಲ ಅರ್ಥವಾಯಿತು. ಮಾರನೆಯ ದಿನ ಹೊಲಿಗೆ ಕೋಣೆಗೆ ಹೋದೆ. ಟೀಚರು ಯಾವುದೋ ಲಂಗದ ಅಂಚು ಮಡಿಸುತ್ತಿದ್ದರು. ನಾನು ತಪ್ಪಾಯಿತು ಎಂದು ಶುರುಮಾಡುವಷ್ಟರಲ್ಲಿ ಅವರೇ ತಡೆದರು.

“ನೀವು ಕಲ್ಸಿದ್ದು ತಪ್ಪಲ್ಲ ಮೇಷ್ಟ್ರೆ. ಸಿಮೆಂಟ್ ಅಂಗಳ ಇರೋ ಮಕ್ಕಳಿಗೆ ಅದೇ ಸರಿ. ನಮ್ ಮಕ್ಕಳಿಗೆ ವರ್ಷದಲ್ಲಿ ಐದು ತಿಂಗ್ಳು ನೆಲಾನೇ ಇಲ್ಲ ಮಾರಾಯ್ರೆ. ಇಲ್ಲದ್ದನ್ನ ನಂಬ್ಕಂಡು ಎಂಥ ಆಟ ಆಡಾದು?” ಸೂಜಿಗೆ ದಾರ ಪೋಣಿಸುತ್ತ ಮುಂದುವರಿಸಿದರು, “ಸಂಜೆ ನೀವೂ ಬನ್ನಿ. ಸೀಟಿ ಮಾತ್ರ ತರ್ಬೇಡಿ.”

ಸಂಜೆ ಒಂಬತ್ತು ಹುಡುಗಿಯರ ನಡುವೆ ಹತ್ತನೆಯವನಾಗಿ ನಾನೂ ನಿಂತೆ. ಚೆಂಡು ಕೊಟ್ಟವಳು ಕೊಟ್ಟ ಜಾಗದಲ್ಲಿ ನಿಲ್ಲುವಂತಿಲ್ಲ, ಕೊಟ್ಟ ಕೂಡಲೇ ಖಾಲಿ ಜಾಗಕ್ಕೆ ಓಡಬೇಕು. ಚೆಂಡು ಹಿಡಿದವಳು ಓಡುವಂತಿಲ್ಲ, ನೋಡಬೇಕು. ಹೊರಗಿನಿಂದ ನೋಡುವಾಗ ಸುಲಭವಾಗಿ ಕಂಡದ್ದು ಒಳಗೆ ನಿಂತಾಗ ತಲೆ ತಿರುಗಿಸಿತು. ಐದು ನಿಮಿಷ ಆಗಿರಲಿಲ್ಲ, ಚೆಂಡು ನನ್ನ ಹೊಟ್ಟೆಗೆ ಬಡಿದು ದಪ್ಪೆಂದು ನೆಲಕ್ಕೆ ಬಿತ್ತು. ಬಾಗಿಲಲ್ಲಿ ಹೆಡ್ ಮೇಷ್ಟ್ರು ಕಾಣಿಸಿಕೊಂಡರು. ಕೈಯಲ್ಲಿ ಸೀಮೆಸುಣ್ಣದ ಕಡ್ಡಿ. ಯಾರು ಬೀಳಿಸಿದ್ದು ಎಂದು ಕೇಳಿದರು. ಹುಡುಗಿಯರೆಲ್ಲ ನನ್ನ ಕಡೆ ನೋಡಿದರು. ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ ಗಣಿತಕ್ಕೆ ವಾಪಸು ಹೋದರು. ಆ ಸಂಜೆ ನಾನು ನಾಲ್ಕು ಗುಂಡಿ ಹೊಲಿದೆ. ನಾಲ್ಕೂ ಸೊಟ್ಟ.

ಹೊಸಬರಿಗೆ ಇಲ್ಲಿ ಒಂದು ಮಾತು. ನಿಮಗಿಂತ ಹೆಚ್ಚು ತಿಳಿದವರು ನಿಮ್ಮ ಶಾಲೆಯಲ್ಲಿ ಇದ್ದೇ ಇರುತ್ತಾರೆ. ಅಡುಗೆಯವರಿರಬಹುದು, ಗುಮಾಸ್ತರಿರಬಹುದು. ಬೇಗ ಪತ್ತೆ ಮಾಡಿಕೊಂಡರೆ ಮಕ್ಕಳಿಗೆ ಲಾಭ. ನಾನು ಹನ್ನೆರಡು ದಿನ ಇರುವಾಗ ಪತ್ತೆ ಮಾಡಿದೆ.

ಜಿಲ್ಲಾ ಪಂದ್ಯ ಸಾಗರದಲ್ಲಿ, ಸಿಮೆಂಟ್ ಕೋರ್ಟಿನಲ್ಲಿ. ಪುಣ್ಯಕ್ಕೆ ಎರಡು ದಿನ ಬಿಸಿಲು. ದೈಹಿಕ ಶಿಕ್ಷಕರಲ್ಲದವರು ತಂಡದ ಬೆಂಚಿನಲ್ಲಿ ಕೂರುವಂತಿಲ್ಲ ಎಂದು ಸಂಘಟಕರು ಹೇಳಿದ್ದರಿಂದ ಸರೋಜಾ ಟೀಚರು ಜನರ ನಡುವೆ ಮೆಟ್ಟಿಲ ಮೇಲೆ ಕೂತರು, ಮಡಿಲಲ್ಲಿ ಹುಡುಗಿಯರ ಬುತ್ತಿಯ ಚೀಲ. ಬೆಂಚಿನಲ್ಲಿ ನಾನು. ಟೀಚರು ನನಗೆ ಹೇಳಿದ್ದು ಒಂದೇ, ಆಟ ನಡೆಯುವಾಗ ಬಾಯಿ ಬಿಡಬೇಡಿ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ.

ಫೈನಲ್‌ನಲ್ಲಿ ಎದುರಿಗಿದ್ದದ್ದು ಪೇಟೆಯ ಒಂದು ಖಾಸಗಿ ಶಾಲೆ. ಎತ್ತರದ ಹುಡುಗಿಯರು, ಒಳ್ಳೆಯ ಬೂಟು, ಚೆಂಡು ಕುಕ್ಕಿದರೆ ಕೈಗೆ ಅಂಟಿಕೊಂಡ ಹಾಗೆ ಬರುತ್ತಿತ್ತು. ನಮ್ಮವರು ಮನೆಯಲ್ಲೇ ಹೊಲಿದ ಅಂಗಿ ತೊಟ್ಟು ಇಳಿದಾಗ ಯಾರೋ ನಕ್ಕರು. ಆಮೇಲೆ ನಗು ನಿಂತಿತು. ನಮ್ಮವರ ಕೈಯಲ್ಲಿ ಚೆಂಡು ಒಂದು ಉಸಿರಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಕಿತ್ತುಕೊಳ್ಳಲು ಬಂದವರಿಗೆ ಕಿತ್ತುಕೊಳ್ಳಲು ಏನೂ ಸಿಗುತ್ತಿರಲಿಲ್ಲ. ಒಬ್ಬಳೂ ಕೂಗಲಿಲ್ಲ, ಒಬ್ಬಳೂ ನನ್ನ ಕಡೆ ನೋಡಲಿಲ್ಲ. ನಾನು ಎರಡೂ ಕೈಯಲ್ಲಿ ಬೆಂಚು ಹಿಡಿದು ಕೂತಿದ್ದೆ.

ಇನ್ನು ಹತ್ತು ಸೆಕೆಂಡ್ ಇದೆ ಎನ್ನುವಾಗ ನಾವು ಒಂದು ಪಾಯಿಂಟ್ ಹಿಂದೆ. ಚೆಂಡು ರೇಣುಕಾಳ ಕೈಯಲ್ಲಿ, ಬುಟ್ಟಿ ಎದುರಿಗೇ. ಹಾಕಿದರೆ ಬೀಳುವ ದೂರ. ಆಯ್ಕೆದಾರರು ಪಕ್ಕದ ಮೇಜಿನಲ್ಲೇ ಪೆನ್ನು ಹಿಡಿದು ಕೂತಿದ್ದಾರೆ. ಅವರು ನೋಡುವುದು ಯಾರು ಎಷ್ಟು ಬುಟ್ಟಿ ಹಾಕಿದರು ಎಂದೇ. ಹಾಕು ತಾಯಿ ಎಂದು ಮನಸ್ಸಿನಲ್ಲೇ ಕೂಗಿದೆ. ಅವಳು ಹಾಕಲಿಲ್ಲ. ಅವಳ ಮೈಮೇಲೆ ಇಬ್ಬರು ಬಿದ್ದಿದ್ದರು, ಬುಟ್ಟಿಯ ಕೆಳಗೆ ಎಂಟನೇ ತರಗತಿಯ ಒಂದು ಗಿಡ್ಡ ಹುಡುಗಿ ಒಬ್ಬಳೇ ನಿಂತಿದ್ದಳು. ಚೆಂಡು ಅವಳಿಗೆ ಹೋಯಿತು, ಅವಳಿಂದ ಬುಟ್ಟಿಗೆ. ಗಂಟೆ ಹೊಡೆಯಿತು, ಗೆದ್ದೆವು. ಎಲ್ಲರೂ ಕುಣಿದರು, ನಾನೂ ಕುಣಿದೆ.

ಒಂದು ಗಂಟೆ ಕಳೆದು ಹಾಸ್ಟೆಲಿನ ಪರೀಕ್ಷಾ ಆಟಕ್ಕೆ ಹತ್ತು ಹೆಸರು ಓದಿದರು. ರೇಣುಕಾ ಇರಲಿಲ್ಲ. ಗೆದ್ದ ತಂಡದ ನಾಯಕಿ ಬುಟ್ಟಿ ಹಾಕಿದ್ದು ಮೂರೇ ಮೂರು, ಅವರ ಕಾಗದದಲ್ಲಿ ಅಷ್ಟೇ ಇತ್ತು.

ನಾನು ಮೇಜಿನ ಹತ್ತಿರ ಹೋಗಿ ಜಗಳಕ್ಕೆ ನಿಂತೆ. ಹಿರಿಯ ಆಯ್ಕೆದಾರರು ಸಮಾಧಾನದ ಮನುಷ್ಯ. ಕೋಚ್ ನೀವೇ ತಾನೇ, ಈ ಹುಡುಗಿಯಲ್ಲಿ ನಾವು ಕಾಣದ್ದು ಏನಿದೆ ಹೇಳಿ ಎಂದರು. ಏನೋ ಇದೆ ಎಂದು ನನಗೆ ಗೊತ್ತು, ಏನು ಎಂದು ಗೊತ್ತಿಲ್ಲ. ಸುತ್ತ ನಿಂತಿದ್ದವರೆಲ್ಲ ನನ್ನ ಜೊತೆಯ ದೈಹಿಕ ಶಿಕ್ಷಕರು. ನನಗೆ ಈ ಆಟ ಅಷ್ಟು ಗೊತ್ತಿಲ್ಲ ಸಾರ್, ಗೊತ್ತಿದ್ದವರನ್ನು ಕರೆಯುತ್ತೇನೆ ಎಂದು ಹೇಳಿ ಮೆಟ್ಟಿಲ ಕಡೆ ಕೈ ಬೀಸಿದೆ. ಸರೋಜಾ ಟೀಚರು ಚೀಲ ಹಿಡಿದುಕೊಂಡೇ ಬಂದರು.

“ಅವಳು ಹಾಕಿದ್ದನ್ನ ಎಣಿಸ್ಬೇಡಿ ಸಾರ್,” ಎಂದರು. “ಅವಳ ಕೈಯಿಂದ ಚೆಂಡು ಇಸ್ಕಂಡವ್ರು ಎಷ್ಟು ಹಾಕಿದ್ರು, ಅದನ್ನ ಎಣಿಸಿ. ಇಲ್ದಿದ್ರೆ ನಿಮ್ ಹತ್ತು ಮಕ್ಕಳ ಜೊತೆ ಅವಳನ್ನ ಒಂದೈದು ನಿಮಿಷ ಆಡ್ಸಿ ನೋಡಿ.”

ಹಿರಿಯ ಆಯ್ಕೆದಾರರು ಗಡಿಯಾರ ನೋಡಿ, ಆಗಲಿ, ಐದು ನಿಮಿಷ ಎಂದರು.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ರೇಣುಕಾ ಬೂಟಿನ ದಾರ ಬಿಗಿಯುತ್ತಿದ್ದಾಗ ಹತ್ತಿರ ಹೋಗಿ ಪಿಸುಗುಟ್ಟಿದೆ. “ಇವತ್ತೊಂದಿನ ಯಾರಿಗೂ ಕೊಡ್ಬೇಡ ಮಗಾ. ಕೈಗೆ ಬಂದಿದ್ದನ್ನೆಲ್ಲ ನೀನೇ ಹಾಕು.” ಅವಳು ತಲೆಯಾಡಿಸಿದಳು.

ಮೊದಲ ಎರಡು ನಿಮಿಷ ಅವಳಿಗೆ ಯಾರೂ ಚೆಂಡು ಕೊಡಲಿಲ್ಲ. ಪಕ್ಕದಲ್ಲಿದ್ದವರೆಲ್ಲ ಅಪರಿಚಿತರು, ಎಲ್ಲರಿಗೂ ಅದೇ ಹಾಸ್ಟೆಲ್ ಸೀಟು ಬೇಕು. ಅವಳು ಖಾಲಿ ಜಾಗಕ್ಕೆ ಓಡುವುದು, ಕಾಯುವುದು, ಮತ್ತೆ ಓಡುವುದು. ಕೊನೆಗೆ ಕೈ ತಪ್ಪಿದ ಚೆಂಡೊಂದು ಅವಳಿಗೆ ಸಿಕ್ಕಿತು. ಬುಟ್ಟಿ ಹತ್ತಿರದಲ್ಲೇ ಇತ್ತು. ಅವಳು ಮುಖ ಎತ್ತಿ ನೋಡಿ, ಆ ಖಾಸಗಿ ಶಾಲೆಯ ಎತ್ತರದ ಹುಡುಗಿಗೆ ಚೆಂಡು ಕೊಟ್ಟುಬಿಟ್ಟಳು. ಆ ಹುಡುಗಿ ಹಾಕಿದಳು. ಕೆಟ್ಟಿತು ಕೆಲಸ ಎಂದುಕೊಂಡೆ. ಮುಂದಿನ ಸಲ ಆ ಎತ್ತರದ ಹುಡುಗಿ ಚೆಂಡು ಹಿಡಿದವಳೇ ರೇಣುಕಾಳನ್ನು ಹುಡುಕಿದಳು. ಆಮೇಲೆ ಇನ್ನೊಬ್ಬಳು. ನಾಲ್ಕನೆಯ ನಿಮಿಷದ ಹೊತ್ತಿಗೆ ಆ ಐವರೂ ಒಬ್ಬರನ್ನೊಬ್ಬರು ನೋಡುತ್ತ ಆಡುತ್ತಿದ್ದರು. ಹಿರಿಯ ಆಯ್ಕೆದಾರರು ಐದು ನಿಮಿಷಕ್ಕೆ ಸೀಟಿ ಊದಲಿಲ್ಲ, ಹತ್ತು ನಿಮಿಷ ಆಡಿಸಿದರು. ಪಟ್ಟಿಯ ಕೊನೆಗೆ ಅಲ್ಲ, ತಲೆಗೆ ರೇಣುಕಾಳ ಹೆಸರು ಬರೆದರು.

ನಾನು ಹೇಳಿದ್ದನ್ನು ಯಾಕೆ ಕೇಳಲಿಲ್ಲ ಎಂದು ಅವಳನ್ನು ಕೇಳಿದೆ. ಸಿಟ್ಟಿನಿಂದಲ್ಲ, ನನ್ನ ಕಣ್ಣು ಒದ್ದೆಯಾಗಿತ್ತು. “ನೀವು ಹೇಳಿದ್ದು ನೆನಪಿತ್ತು ಸಾರ್. ಚೆಂಡು ಬಂದ್ ಕೂಡ್ಲೆ ಆ ಹುಡುಗಿ ಮುಖ ಕಾಣ್ತು,” ಎಂದಳು.

ಆಯ್ಕೆಯ ಅರ್ಜಿಯಲ್ಲಿ ತರಬೇತುದಾರರ ಹೆಸರು ಎಂದು ಒಂದು ಜಾಗವಿತ್ತು. ನಾನು ಸರೋಜಾ ಟೀಚರ ಹೆಸರು ಹೇಳಿದೆ. ಹೊಲಿಗೆ ಶಿಕ್ಷಕಿಯ ಹೆಸರು ನಡೆಯುವುದಿಲ್ಲ ಎಂದರು. ನನ್ನ ಹೆಸರು ಬರೆದರು, ನಾನು ಸಹಿ ಹಾಕಿದೆ. ಜಗಳಕ್ಕೆ ಅಷ್ಟು ಸಲೀಸಾಗಿ ನಿಲ್ಲುವ ನಾನು ಅವತ್ತು ನಿಲ್ಲಲಿಲ್ಲ. ಮುಂದೆ ಒಂಬತ್ತು ವರ್ಷ ಆ ಹೊಲಿಗೆ ಕೋಣೆಯ ತಂಡ ಎಷ್ಟೋ ಸಲ ಜಿಲ್ಲೆ ಗೆದ್ದಿತು, ಎರಡು ಸಲ ರಾಜ್ಯ ಮಟ್ಟಕ್ಕೆ ಹೋಯಿತು, ಎಲ್ಲ ಕಾಗದದಲ್ಲೂ ನನ್ನ ಹೆಸರೇ. ಟೀಚರು ಒಮ್ಮೆಯೂ ಆ ಮಾತು ಎತ್ತಲಿಲ್ಲ. ಅವರ ಬೀಳ್ಕೊಡುಗೆಯಲ್ಲಿ ಮಾತಾಡಲು ನನ್ನನ್ನೇ ಕರೆದರು. ಸಾಹೇಬರೆಲ್ಲ ವೇದಿಕೆಯಲ್ಲಿದ್ದರು. ನಾನು ಟೀಚರ ಕಸೂತಿಯನ್ನು ಹೊಗಳಿ ಕೂತುಕೊಂಡೆ. ನನ್ನ ನೌಕರಿಯಲ್ಲಿ ನನಗೆ ನಾಚಿಕೆ ತರುವ ದಿನ ಅದೊಂದೇ.

ಈಗ ತಂಡದ ಹೆಸರೆಲ್ಲ ಮೊಬೈಲಿನಲ್ಲೇ ತುಂಬುತ್ತಾರಂತೆ, ಆಟದ ವಿಡಿಯೋ ನೋಡಿ ಆರಿಸುತ್ತಾರಂತೆ. ಒಳ್ಳೆಯದೇ. ಆದರೂ ಕೋಚ್ ಎಂಬ ಜಾಗಕ್ಕೆ ಯಾರ ಹೆಸರು ಹೋಗುತ್ತದೆ ಎಂಬುದು ತುಂಬುವವರ ಕೈಯಲ್ಲೇ ಇದೆ. ನಾನು ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ಆ ತಂಡದ ಕೋಚ್ ಸರೋಜಾ ಟೀಚರ್.

ಇಷ್ಟು ಬರೆದ ಮೇಲೆ, ಅವರಿಗೆ ಹೇಳದೆ ಅಚ್ಚಿಗೆ ಕೊಡುವುದು ಸರಿಯಲ್ಲ ಎನ್ನಿಸಿ ತೀರ್ಥಹಳ್ಳಿಗೆ ಹೋದೆ. ನಿವೃತ್ತರಾದ ಮೇಲೆ ಅವರು ಅಲ್ಲೇ ತಂಗಿಯ ಜೊತೆ ಇದ್ದಾರೆ. ಕಾಫಿ ಕೊಟ್ಟು, ಎದುರು ಕೂತು, ಪೂರ್ತಿ ಓದಿಸಿ ಕೇಳಿದರು. ತಮ್ಮ ಹೊಗಳಿಕೆ ಬಂದಾಗ ಕಿಟಕಿಯ ಕಡೆ ನೋಡಿದರು. ನಾನು ಕಾಗದ ಮಡಿಸುವಾಗ ಕಾಫಿ ಲೋಟ ಒಳಗಿಟ್ಟು ಬಂದು ಕೂತರು.

“ರೇಣುಕಾ ನಿಮ್ ಮಾತು ಕೇಳ್ಲಿಲ್ಲ ಅಂತ ಬರ್ದಿದೀರಲ್ಲ ಮೇಷ್ಟ್ರೆ,” ಎಂದರು ಆಮೇಲೆ. “ಅದ್ರ ಜೊತೆ ಇದನ್ನೂ ಸೇರ್ಸಿ. ನೀವು ಆಚೆ ಹೋದ್ಮೇಲೆ ನಾನೂ ಅವಳ ಹತ್ರ ಹೋಗಿದ್ದೆ. ನನಗೂ ಅವತ್ತು ಧೈರ್ಯ ಸಾಲ್ಲಿಲ್ಲ. ಯಾರಿಗೂ ಕೊಡ್ಬೇಡ, ನೀನೇ ಹಾಕು ಅಂತ ನಾನೂ ಹೇಳಿ ಬಂದಿದ್ದೆ.”